ನಲ್ಲಿ ನಿಲ್ಲಿಸಿ ಹೇಳು

ನನ್ನ ಮುದ್ದು ಸೊಸೆಗೆ,

ನೀನು ಮುಖ ಕೊಟ್ಟು ಮಾತಾಡಿ ಹನ್ನೊಂದು ದಿನವಾಯಿತು. ತಪ್ಪು ನನ್ನದೇ, ಅದನ್ನು ಮೊದಲು ಬರೆದುಬಿಡುತ್ತೇನೆ. ಅಂದು ಬೆಳಿಗ್ಗೆ ನೀನು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಾ, ನನಗೆ ಬೆನ್ನು ಹಾಕಿ ಏನೋ ಹೇಳಿದೆ. ಹಿಂದೆ ಟೀವಿ, ಮೇಲೆ ಫ್ಯಾನು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಎಂದಿನಂತೆ ನಗುತ್ತಾ, "ಒಳ್ಳೇದಾಯ್ತು ಬಿಡಮ್ಮಾ" ಅಂದೆ. ನೀನು ಕೈಲಿದ್ದ ತಟ್ಟೆಯನ್ನು ಹಾಗೇ ಬಿಟ್ಟು ಕೋಣೆಗೆ ಹೋದೆ. ನೀವಿಬ್ಬರೂ ಗುಟ್ಟಾಗಿಟ್ಟುಕೊಂಡಿದ್ದ ಎರಡು ತಿಂಗಳ ಬಸಿರು ನಿಲ್ಲಲಿಲ್ಲವೆಂದು ನೀನು ನನಗೇ ಮೊದಲು ಹೇಳಿದ್ದೆಯಂತೆ. ಸಂಜೆ ನಿನ್ನ ಗಂಡ ತಿಳಿಸಿದಾಗ ನನ್ನ ನಾಲಗೆಗೆ ಬೆಂಕಿ ಬೀಳಲಿ ಅನ್ನಿಸಿತು.

ಕಿವಿ ಹೋದದ್ದು ಮಗ್ಗದ ಶೆಡ್ಡಿನಲ್ಲಿ. ಇಪ್ಪತ್ತೆಂಟು ವರ್ಷ ನಲವತ್ತು ವಿದ್ಯುತ್ ಮಗ್ಗಗಳ ನಡುವೆ ನಿಂತೆ. ತಮಾಷೆಯೆಂದರೆ, ಅಲ್ಲಿ ನಾನು ಎಂದೂ ಕಿವುಡಿಯಾಗಿರಲಿಲ್ಲ. ಆ ಗದ್ದಲದಲ್ಲಿ ಯಾರೂ ಬೆನ್ನು ಹಾಕಿ ಮಾತಾಡುತ್ತಿರಲಿಲ್ಲ. ಮೊದಲು ಹೆಗಲು ತಟ್ಟಬೇಕು, ಎದುರಿಗೆ ಬರಬೇಕು, ತುಟಿಯಾಡುವುದು ಕಾಣುವಂತೆ ಬಾಯಿ ಅಗಲಿಸಿ ಹೇಳಬೇಕು. ಮೇಸ್ತ್ರಿ ಪಕ್ಕದಲ್ಲೇ ನಿಂತಿರುವಾಗ ಅವನನ್ನು ತುಟಿಯಲ್ಲೇ ಬಯ್ದವರು, ಸಂಸಾರದ ಕಷ್ಟಸುಖವನ್ನೆಲ್ಲ ದನಿಯಿಲ್ಲದೆ ಹಂಚಿಕೊಂಡವರು ನಾವು. ಮನೆಯಲ್ಲಿ ಮಾತ್ರ, ಕೇಳಿಸದಿದ್ದರೂ ಕೇಳಿಸಿದಂತೆ ನಟಿಸುವ ಚಾಳಿ ಅಂಟಿಕೊಂಡಿತು. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ನಕ್ಕುಬಿಡುವುದು ಸುಲಭವಾಗಿತ್ತು.

ಮೊನ್ನೆ ಕಿವಿಗೆ ಯಂತ್ರ ಹಾಕಿಸಿಕೊಂಡೆ. ತಲೆಹರಟೆ ಯಂತ್ರ, ಮಾತಿನ ಜೊತೆಗೆ ನಲ್ಲಿಯನ್ನೂ ಚಮಚವನ್ನೂ ದೊಡ್ಡದು ಮಾಡುತ್ತದೆ. ಅದನ್ನು ಹಾಕಿದ ಹುಡುಗಿ, "ಅಜ್ಜಿ, ಇದು ಅರ್ಧ ಕೆಲಸ ಮಾಡತ್ತೆ. ಇನ್ನರ್ಧ ನೀವು, ಮನೆಯವ್ರು ಸೇರ್ಕೊಂಡು ಮಾಡ್ಬೇಕು" ಅಂದಳು. ಅದಕ್ಕೇ ನಿನ್ನೆ ಊಟದ ಮೇಜನ್ನು ಬೀದಿ ಕಿಟಕಿಯಿಂದ ದೂರ, ದೀಪದ ಕೆಳಗೆ ಎಳೆಸಿದೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ನಿಮ್ಮ ಮುಖ ಚೆನ್ನಾಗಿ ಕಾಣುತ್ತದೆ. ಊಟದ ಹೊತ್ತಿಗೆ ಟೀವಿಯೂ ಬಂದ್. ನಿನ್ನ ಗಂಡ ಗೊಣಗಿದ. ಎಷ್ಟೋ ವರ್ಷದ ಮೇಲೆ ಅವನ ಗೊಣಗಾಟ ನನಗೆ ಪೂರ್ತಿ ಕೇಳಿಸಿತು!

ಇನ್ನು ಸುಮ್ಮನೆ ತಲೆಯಾಡಿಸುವುದಿಲ್ಲ. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನುತ್ತೇನೆ, ಹತ್ತು ಸಲವಾದರೂ ಸರಿ. ನಿನಗೆ ರೇಗಿದರೆ ಹೆಗಲಿಗೊಂದು ಏಟು ಹಾಕು.

ಆ ಮಾತನ್ನು ಮತ್ತೆ ಆಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ನಿನಗೆ ಮನಸ್ಸಾದ ದಿನ ನಲ್ಲಿ ನಿಲ್ಲಿಸು, ನನ್ನೆದುರು ಕುಳಿತುಕೋ, ಇನ್ನೊಮ್ಮೆ ಹೇಳು. ಅಂದು ನಾನು ನಿನ್ನ ಜೊತೆ ಅಳಬೇಕಿತ್ತು ಮಗಳೇ. ಈಗಲಾದರೂ ಅಳುತ್ತೇನೆ.

ನಿನ್ನ ಮನಸ್ಸು ಬೇಗ ಹಗುರಾಗಲಿ, ತಣ್ಣಗಿರು.

ನಿನ್ನನ್ನೇ ಕಾಯುತ್ತಿರುವ,
ಅತ್ತೆ