ನಿಲ್ಲದ ಕೊನೆಯ ಅಂಕಿ

ಮಂಗಳವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ನೀನು ಹೊರಟುಹೋಗಿ ಇವತ್ತಿಗೆ ಹನ್ನೊಂದು ದಿನ. ಫೋನ್ ಮಾಡಿದರೆ ಇಬ್ಬರೂ ‘ಊಟ ಆಯ್ತಾ’, ‘ಆಯ್ತು’ ಅಂದು ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯಲು ಕೂತಿದ್ದೇನೆ. ಮಗು ಮಲಗಿದೆ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ, ಕಣ್ಣು ಎಳೆಯುತ್ತಿದೆ.

ಮೊದಲು ಕೆಲಸದ ಮಾತು. ಕಾರ್ಖಾನೆಯ ಅಳತೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕೂತವಳು ನೀನು, ನಾನು ಕಾಲೇಜಿನಲ್ಲಿ ಓದಿದವಳು ಅಷ್ಟೇ. ಹಾಗಾಗಿ ನಿನ್ನ ಸಲಹೆ ಬೇಕು. ನಮ್ಮ ವರ್ಕ್‌ಶಾಪಿನಲ್ಲಿ ಮಸೂರ ಪರೀಕ್ಷಿಸುವ ಪುಟ್ಟ ಯಂತ್ರವೊಂದು ತಯಾರಾಗುತ್ತಿದೆ. ಮಸೂರ ಕೂರಿಸಿದ ತಟ್ಟೆಯನ್ನು ಒಂದು ಬದಿಯಿಂದ ಸ್ಪ್ರಿಂಗ್ ಒತ್ತುತ್ತದೆ, ಎದುರು ಬದಿಯಿಂದ ಮೈಕ್ರೋಮೀಟರ್ ಹೆಡ್ ಅದನ್ನು ಕೂದಲೆಳೆಯಷ್ಟು ಸರಿಸಿ ನಿಲ್ಲಿಸಬೇಕು. ಯಾವ ಹೆಡ್ ಹಾಕಬೇಕೆಂದು ಆರಿಸುವ ಕೆಲಸ ನನ್ನದು. ಮೈಕ್ರೋಮೀಟರಿನ ಬಾಗಿದ ಚೌಕಟ್ಟು ತೆಗೆದು ತಿರುಗಿಸುವ ಭಾಗ ಮಾತ್ರ ಇಟ್ಟುಕೊಂಡರೆ ಅದೇ ಹೆಡ್ ಅಂತ ಇವರಿಗೆ ವಿವರಿಸಿದೆ. “ಮೈ ಬೇಡ, ತಲೆ ಒಂದೇ ಸಾಕು ಅಂತೀಯಲ್ಲ, ನಿದ್ದೆಗೆಟ್ಟೋರು ಕೇಳೋದೇ ಹೀಗೆ” ಅಂದರು ನಿನ್ನ ಅಳಿಯ.

ನಮ್ಮ ವರ್ಕ್‌ಶಾಪಿನ ಹಿರಿಯರು, ನಾವೆಲ್ಲ ಮೇಷ್ಟ್ರು ಅನ್ನುತ್ತೇವಲ್ಲ, ಇವರ ಕೈಯಲ್ಲಿ ಎರಡು ಮಾದರಿ ಕಳಿಸಿದ್ದರು. ರಜೆಯಲ್ಲಿದ್ದೀಯಲ್ಲಮ್ಮ, ಪುರುಸೊತ್ತಾದಾಗ ನೋಡು ಅಂತ. ಎಳೆಮಗುವಿನ ತಾಯಿಗೆ ಪುರುಸೊತ್ತಿರುತ್ತದೆ ಎಂದು ನಂಬಿದವರು ಅವರೊಬ್ಬರೇ ಅಲ್ಲ ಬಿಡು. ಬೇಕಾದ ಗುಣಗಳನ್ನು ಬೇಗ ಬರೆದುಕೊಂಡೆ. ತಟ್ಟೆ ಚಪ್ಪಟೆಯಾಗಿರುವುದರಿಂದ ಒತ್ತುವ ತುದಿ ಗುಂಡಗಿರಬೇಕು. ಹದಿಮೂರು ಮಿಲಿಮೀಟರ್ ಓಡಾಟ ಧಾರಾಳವಾಯಿತು. ಟಿಕ್ ಟಿಕ್ ಅಂತ ಜಾರುವ ರಾಚೆಟ್ ಬೇಡ, ಅದು ಅಳೆಯುವವರಿಗೆ ಸರಿ, ತಳ್ಳಿ ನಿಲ್ಲಿಸುವವರಿಗಲ್ಲ. ಇದೆಲ್ಲ ನೀನು ಈರುಳ್ಳಿ ಹೆಚ್ಚುತ್ತ ನನಗೆ ಹೇಳಿಕೊಟ್ಟದ್ದೇ.

ಉಳಿದದ್ದು ಒಂದೇ ಪ್ರಶ್ನೆ. ಒಂದು ಮಾದರಿಯಲ್ಲಿ ಬರೀ ಗೆರೆಗಳು, ಮಿಲಿಮೀಟರಿನ ನೂರನೇ ಒಂದು ಭಾಗ ಓದಬಹುದು. ಇನ್ನೊಂದರಲ್ಲಿ ಅಂಕಿ ಮೂಡುವ ಪರದೆ, ಸಾವಿರನೇ ಒಂದು ಭಾಗದವರೆಗೂ ತೋರಿಸುತ್ತದೆ. ನನ್ನ ಕೈ ಯಾವುದಕ್ಕೆ ಹೋಯಿತೆಂದು ನೀನೇ ಹೇಳಬಲ್ಲೆ.

ಶನಿವಾರ ಅದನ್ನು ಅಡುಗೆಮನೆಯ ಕಟ್ಟೆಗೆ ಬಿಗಿದು ನೋಡಿದೆ. ಕೊನೆಯ ಅಂಕಿ ನಿಲ್ಲಲೊಲ್ಲದು. ಬೀದಿಯಲ್ಲಿ ಲಾರಿ ಹೋದರೆ ಒಂದು, ಕೈಯ ಬಿಸಿ ತಾಗಿದರೆ ಇನ್ನೊಂದು. ಸರಿಪಡಿಸಿದೆ, ಬದಲಾಯಿತು, ಮತ್ತೆ ಸರಿಪಡಿಸಿದೆ. ಮುಕ್ಕಾಲು ಗಂಟೆ ಹೀಗೇ. ನೀರು ಕುಡಿಯಲು ಬಂದ ಇವರು, “ಮಸೂರಕ್ಕೆ ಎಷ್ಟು ಸಾಕು?” ಅಂತ ಕೇಳಿದರು. ನೂರನೇ ಒಂದು ಭಾಗ ಅಂದೆ. “ಮತ್ತೆ ಅದರಾಚೆಯ ಅಂಕಿ ಜೊತೆ ಯಾಕೆ ಜಗಳ?” ಅಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಪಾಪ, ತಾನು ಏನು ತಪ್ಪು ಹೇಳಿದೆ ಅಂತ ಅವರಿಗೆ ತಿಳಿಯಲೇ ಇಲ್ಲ.

ಅದು ನಿನ್ನ ಮಾತು ಅಮ್ಮ. ಬಾಡಿಗೆ ತಕ್ಕಡಿಯಲ್ಲಿ ಪ್ರತಿ ಸಲ ಹಾಲು ಕುಡಿಸುವ ಮುಂಚೆ, ಕುಡಿಸಿದ ಮೇಲೆ ಮಗುವನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆನಲ್ಲ, ನಾಲ್ಕು ಗ್ರಾಂ ಇಳಿದಿದೆ ಎಂದು ಒದ್ದಾಡಿದ ದಿನ ನೀನು ಹೇಳಿದ್ದು: “ಆ ಕೊನೇ ಅಂಕಿ ಮಗೂದಲ್ಲ ಕಣೆ, ತಕ್ಕಡೀದು. ಮಗು ಕಾಲು ಆಡಿಸಿದ್ರೂ ನಾಲ್ಕು ಗ್ರಾಂ ಆಚೆ ಈಚೆ ಆಗುತ್ತೆ. ಗುಂಡಮ್ಮನ ಕೆನ್ನೆ ನೋಡು, ನೋಟ್‌ಬುಕ್ ಮುಚ್ಚು.”

ನಾನು ಏನಂದೆ ಎನ್ನುವುದು ಇಬ್ಬರಿಗೂ ನೆನಪಿದೆ. ಆದರೂ ಬರೆಯುತ್ತೇನೆ, ಬರೆಯದೆ ಹೋದರೆ ಕ್ಷಮೆ ಕೇಳಿದ ಹಾಗಾಗುವುದಿಲ್ಲ. ನಿನ್ನ ಕಾರ್ಖಾನೆ ಬುದ್ಧಿ ನನ್ನ ಮಗು ಹತ್ತಿರ ಬೇಡ, ಕೆಟ್ಟರೆ ಬುಟ್ಟಿಗೆ ಎಸೆಯೋಕೆ ಅದು ನಿನ್ನ ಬೋಲ್ಟ್ ಅಲ್ಲ ಅಂದೆ. ನೀನು ತಟ್ಟೆ ತೊಳೆದಿಟ್ಟೆ. ಬೆಳಿಗ್ಗೆ ಚೀಲ ಹಿಡಿದು ನಿಂತಿದ್ದೆ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಮೊನ್ನೆ ಗುಂಡಮ್ಮ ಅಪರೂಪಕ್ಕೆ ಗಾಢವಾಗಿ ನಿದ್ದೆ ಹೋಗಿದ್ದಳು. ಬೆಳಗಿನ ತೂಕದ ಮೇಲೆ ಯಾಕೋ ಅನುಮಾನ ಬಂದು, ಅವಳನ್ನು ಎಬ್ಬಿಸಿ ತಕ್ಕಡಿಯ ಮೇಲೆ ಮಲಗಿಸಿದೆ. ತಣ್ಣನೆಯ ತಟ್ಟೆಗೆ ಬೆಚ್ಚಿಬಿದ್ದು ಗಂಟಲು ಕಟ್ಟುವಷ್ಟು ಅತ್ತಳು. ಅವಳು ಅಳುತ್ತಿದ್ದರೆ ನಾನು ಅಂಕಿ ನಿಲ್ಲಲಿ ಎಂದು ಕಾಯುತ್ತಿದ್ದೆ. ವಾರಕ್ಕೊಮ್ಮೆ ತೂಗಿದರೆ ಸಾಕು, ಮಗು ಚೆನ್ನಾಗಿದೆ ಎಂದು ಡಾಕ್ಟರ್ ಎರಡು ಸಲ ಹೇಳಿದ್ದಾರೆ. ನನಗೂ ಗೊತ್ತು. ಗೊತ್ತಿದ್ದೂ ಕೈ ನಿಲ್ಲುತ್ತಿಲ್ಲ. ನನ್ನ ಮೇಲೆ ನನಗೇ ಭಯವಾಗಿದೆ ಅಮ್ಮ.

ಯಾವ ಹೆಡ್ ಆರಿಸಲಿ, ತಿಳಿಸು. ಬರೆದು ತಿಳಿಸುವುದು ಕಷ್ಟವಾದರೆ ಬಂದೇ ನೋಡು. ಕೈಯಲ್ಲಿ ತಿರುಗಿಸಿ ನೋಡದೆ ಹೆಡ್ ಒಪ್ಪಬಾರದು ಅಂತ ನೀನೇ ಹೇಳುತ್ತಿದ್ದೆ.

ಎಚ್ಚರವಾಗಿಯೇ ಇರುವ,
ನಿನ್ನ ಮಗಳು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಗೆರೆಗಳ ಹೆಡ್ಡನ್ನೇ ಒಪ್ಪಿ ನಿನ್ನೆ ಮೇಷ್ಟ್ರಿಗೆ ಕಳಿಸಿಯಾಯಿತು, ಅವರೂ ಸರಿ ಅಂದರು. ಇಲ್ಲಿ ನೀನು ತಿರುಗಿಸಿ ನೋಡುವುದಕ್ಕೆ ಏನೂ ಉಳಿದಿಲ್ಲ. ನೀನು ಹೋದ ಬೆಳಿಗ್ಗೆ ನಾನು ರೂಮಿನಲ್ಲೇ ಕೂತಿದ್ದೆ ಅಂದುಕೊಂಡಿದ್ದೀಯ. ಬಾಗಿಲ ತನಕ ಬಂದಿದ್ದೆ. ನೀನು ಮೆಟ್ಟಿಲಿಳಿದು ತಿರುವಿನಲ್ಲಿ ಒಂದು ಸಲ ನಿಂತದ್ದನ್ನು ನಾನು ನೋಡಿದೆ. ಮಗು ಹೆಗಲ ಮೇಲೆ ಆಗಷ್ಟೇ ಕಣ್ಣು ಮುಚ್ಚಿತ್ತು, ಅದಕ್ಕೇ ಕೂಗಲಿಲ್ಲ. ಈಗ ಕೂಗುತ್ತಿದ್ದೇನೆ.