ಹನ್ನೊಂದನೆಯ ನಡೆ

ಬ್ಯಾಡಗಿ, ಗುರುವಾರ, ೧೩ ಫೆಬ್ರವರಿ ೨೦೨೫

ಮೆಣಸಿನಕಾಯಿ ಗೋದಾಮಿನ ಆಫೀಸಿನಿಂದ ಬಂದ ಮೇಲೂ ಕಣ್ಣುರಿ ಇಳಿಯಲಿಲ್ಲ. ಆದರೂ ಭಾನುವಾರ ಹಾವೇರಿಯಲ್ಲಿ ಸೋತ ಚೆಸ್ ಆಟದ ಹಾಳೆ ತೆಗೆದು, ಒಂದೊಂದೇ ನಡೆ ಮತ್ತೆ ಆಡಿ ನೋಡಿದೆ. ಮೊದಲ ಹತ್ತರಲ್ಲಿ ತಪ್ಪೇ ಇಲ್ಲ. ಆಟ ಶುರು ಮಾಡಲು ರಾಣೆಬೆನ್ನೂರಿನ ಮಲ್ಲಿಕಸಾಬ ಸರ್ ಕಲಿಸಿದ ಇಟಾಲಿಯನ್ ಓಪನಿಂಗ್ ಗಟ್ಟಿಯಾಗಿಯೇ ಇತ್ತು. ಹನ್ನೊಂದರಲ್ಲಿ ಹೆದರಿ ಕುದುರೆಯನ್ನು ಹಿಂದಕ್ಕೆ ತಂದವಳು ನಾನು.

ಅವತ್ತು ಎಲ್ಲರೆದುರು ಅವರಿಗೆ ಹೇಳಿದ್ದೇನು? ‘ನಿಮ್ಮ ಓಪನಿಂಗ್ ಹಳೇದಾಗೇತ್ರಿ ಸರ್, ಅದಕ್ಕ ಸೋತ್ನಿ.’ ಅವರು ತಲೆಯಾಡಿಸಿ ಬಸ್ಸು ಹತ್ತಿದ್ದರು.

ತಡೆಯಲಾಗದೆ ಇವತ್ತು ಸಂಜೆಯೇ ಫೋನ್ ಮಾಡಿದೆ.

‘ಸರ್, ತಪ್ಪು ನಂದರಿ.’

‘ಇರಲಿ ಬಿಡವಾ. ಹುಡುಗರಿಗೆ ಅದನ್ನ ಕಲಿಸೋದು ಮೊನ್ನೆನ ಬಿಟ್ಟೇನಿ. ಮೂವತ್ತು ವರ್ಷ ತಪ್ಪು ಕಲಿಸಿದ್ನೇನೋ ಅನ್ನಿಸ್ತು.’

ಆ ಕಡೆ ಹಲಗೆಯ ಮೇಲೆ ಕಾಯಿ ಇಡುವ ಸದ್ದು ಕೇಳಿತು.

‘ಹಾಳಿ ಕೈಯಾಗ ಐತೇನು? ಓದು, ಮೊದಲನೇ ನಡಿಯಿಂದ.’

ಓದಿದೆ. ಹನ್ನೊಂದಕ್ಕೆ ಅವರು ತಡೆದರು.

‘ಇಲ್ಲಿ ಯಾಕ ಹೆದರಿದಿ?’

ಬೈದಿದ್ದರೆ ಹಗುರವಾಗುತ್ತಿತ್ತು. ನಾಳೆ ಉತ್ತರ ಹೇಳುತ್ತೇನೆ ಎಂದಿದ್ದೇನೆ. ಯೋಚಿಸುತ್ತಲೇ ಇದ್ದೇನೆ, ನಿದ್ದೆ ಎಳೆಯುತ್ತಿದೆ, ಎದುರು ಆಡುತ್ತಿದ್ದವಳು ಏನೂ ಮಾಡಿರಲಿಲ್ಲ, ಸುಮ್ಮನೆ ನನ್ನನ್ನು ನೋಡಿದ್ದಳು, ಅಷ್ಟಕ್ಕೇ ನಾನು…