ಯಾರ ಕೋಟೋ ಏನೋ
ರೀ,
ಹಳೇ ಬಟ್ಟೆ ಅಂಗಡಿಯ ನೀಲಿ ಕೋಟು ಬಿಚ್ಚಿ ಮಗಳಿಗೆ ಫ್ರಾಕ್ ಹೊಲಿದು ಮುಗಿಸಿದೆ. ಬಾಗಿಲ ಹಿಂದೆ ನೇತುಹಾಕಿದ್ದೇನೆ. ಒತ್ತಾಯ ಮಾಡಿ ತೊಡಿಸಬೇಡಿ.
ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ಚೂರು ಸಿಕ್ಕಿತು. ನೋಡಿದ್ದೇ ತಡ, "ಇದು ಟೀಚರ್ ಕೋಟು! ಹಾಕ್ಕೊಂಡು ಗಲಾಟೆ ಮಾಡಿದ್ರೆ ಬೈಯುತ್ತೆ" ಅಂತ ಹಠ ಹಿಡಿದಿದ್ದಾಳೆ.
"ದರ್ಜಿಗಳೂ ಸೀಮೆಸುಣ್ಣ ಇಟ್ಕೋತಾರೆ ಕಣೇ" ಅಂದೆ.
"ಹಾಗಾದ್ರೆ ಕೇಳ್ಕೊಂಡು ಬಾ" ಅಂದಳು.
ನನ್ನ ತಲೆಗೂ ಹುಳ ಹೊಕ್ಕಿದೆ. ಬಲಗೈ ತೋಳೊಂದೇ ಯಾಕೆ ಅಷ್ಟು ಸವೆದಿತ್ತು? ಅಂಗಡಿಯವನನ್ನೇ ಕೇಳಿ ಬರುತ್ತೇನೆ.
ಸೂಜಿ ಡಬ್ಬಿ ಅವಳ ಕೈಗೆ ಸಿಗದ ಹಾಗೆ ಮೇಲಿಡಿ.
ನಿಜವಾಗಿಯೂ ಟೀಚರ್ ಕೋಟೇ ಆಗಿದ್ದರೆ ಏನು ಹೇಳೋಣ, ಯೋಚಿಸಿಡಿ. ನಾನು ಸುಳ್ಳು ಹೇಳಿದರೆ ಮುಖ ನೋಡಿಯೇ ಹಿಡಿಯುತ್ತಾಳೆ. ನೀವು ಹೇಳಿದರೆ ನಂಬುತ್ತಾಳೆ.